ಕುಂಬಾರನಿಗೆ ವರುಷ



ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿಯನ್ನು ಹಂಚಿಕೊಳ್ಳಿರೆಂದು ಹೇಳಿದ ಮೇಲೆ ಪೀಠದಲ್ಲಿ ನಿಂತ ಗುರುವಿಗೆ ಒಂದು ಕ್ಷಣ ಬಿಡುವು ಸಿಗುತ್ತದೆ. ಆ ಒಂದು ಕ್ಷಣದಲ್ಲಿ ಇಡೀ ಧರ್ಮಕೇಂದ್ರ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ. ಯಾರು ಯಾರಿಗೆ ಕೈಮುಗಿದರು, ಯಾರು ಯಾರನ್ನು ನೋಡದೆ ಬಗ್ಗಿ ಚಪ್ಪಲಿ ಸರಿಪಡಿಸಿಕೊಂಡರು, ಎಲ್ಲವೂ ಕಾಣುತ್ತದೆ. ನಾವು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೇವೆಂದು ನೀವು ತಿಳಿದಿರುತ್ತೀರಿ. ಹಾಗೇನಿಲ್ಲ.

ನಮ್ಮ ಕಡೆಯ ಒಬ್ಬ ದಂಪತಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತು, ಶಾಂತಿ ಹೇಳುವ ಹೊತ್ತಿಗೆ ಒಬ್ಬರು ಮುಂದಿನ ಸಾಲಿಗೆ, ಇನ್ನೊಬ್ಬರು ಹಿಂದಿನ ಸಾಲಿಗೆ ಕೈಮುಗಿಯುತ್ತಿದ್ದರು. ಪರಸ್ಪರ ತಿರುಗುತ್ತಿರಲಿಲ್ಲ. ಅವರ ಕಥೆಯನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಅವರ ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಕೇಳಿದ್ದು. ಗುರುತು ಹತ್ತದ ಹಾಗೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ನಡೆದದ್ದು ಇಷ್ಟು. ಹೆಂಡತಿಗೆ ಗುಬ್ಬಿಯ ಕಡೆ ತವರಿನಿಂದ ಬಂದ ಒಂದು ಎಕರೆ ತೋಟವಿತ್ತು, ತೆಂಗು ಮತ್ತು ಅಡಿಕೆ. ಗಂಡನಿಗೆ ತುಮಕೂರಿನಲ್ಲಿ ಅಂಗಡಿ. ಅಂಗಡಿಯನ್ನು ದೊಡ್ಡದು ಮಾಡುವ ಆಸೆಯಿಂದ, ಬ್ಯಾಂಕಿನ ಸಾಲಕ್ಕೆಂದು ಹೇಳಿ ಆಕೆಯ ಸಹಿ ಹಾಕಿಸಿಕೊಂಡರು. ಅದು ಕ್ರಯಪತ್ರವಾಗಿತ್ತು. ಆರು ತಿಂಗಳ ಮೇಲೆ ತಮ್ಮನ ಬಾಯಿಂದ ಆಕೆಗೆ ವಿಷಯ ತಿಳಿಯಿತು. ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತೇನೋ. ಮಾತು ನಿಂತಿತು, ಅಷ್ಟೆ. ಉಪ್ಪು, ಗ್ಯಾಸು, ಕರೆಂಟ್ ಬಿಲ್ಲು ಇವುಗಳಿಗೆ ಬೇಕಾದಷ್ಟು ಮಾತು ಮಾತ್ರ ಉಳಿಯಿತು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಮೂವತ್ತು ವರ್ಷದ ಸಂಸಾರಕ್ಕೆ ಒಂದು ಸಹಿ ದೊಣ್ಣೆಯಾಯಿತು. ಆದರೆ ಗಾದೆಯ ಮೊದಲ ಅರ್ಧವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕುಂಬಾರನಿಗೆ ಯಾಕೆ ಅಷ್ಟು ಕಾಲ ಬೇಕು? ಆ ಕಾಲದಲ್ಲಿ ಅವನು ಏನು ಮಾಡುತ್ತಿರುತ್ತಾನೆ? ಈ ವಾರ ನಿಮ್ಮೊಡನೆ ಅದನ್ನೇ ಕುರಿತು ಮಾತನಾಡಬೇಕೆಂದಿದ್ದೇನೆ.

ಈ ದಂಪತಿಯ ಮಗ ಜಪಾನಿನ ಟೋಕಿಯೋ ಹತ್ತಿರ ಕೆಲಸದಲ್ಲಿದ್ದಾನೆ. 2023ರ ನವೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡ. ಮೊದಲ ವಾರ ದಿನಕ್ಕೆ ನಾಲ್ಕು ಜಾಗದಂತೆ ಓಡಾಡಿಸಿದ. ಗೋಪುರ, ಅರಮನೆ, ಬೆಟ್ಟ, ಬುಲೆಟ್ ರೈಲು ಎಲ್ಲಾ ಆಯಿತು. ಇಬ್ಬರೂ ಎರಡು ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ನೋಡಿದರು. ಹುಡುಗ ಜಾಣ. ಎರಡನೆಯ ವಾರ ಕೆಲಸದ ನೆಪ ಹೇಳಿ, ಒಂದು ಸಣ್ಣ ಊರಿನಲ್ಲಿ ಎರಡು ರಾತ್ರಿಗೆ ಕೋಣೆ ಗೊತ್ತುಮಾಡಿ, ಇಬ್ಬರನ್ನೇ ಕಳಿಸಿಬಿಟ್ಟ. ಜಪಾನಿ ಭಾಷೆಯಲ್ಲಿ ನಾಲ್ಕು ಚೀಟಿ ಬರೆದುಕೊಟ್ಟ. ಒಂದರಲ್ಲಿ ವಿಳಾಸ, ಒಂದರಲ್ಲಿ ಬಸ್ಸಿನ ಹೆಸರು, ಒಂದರಲ್ಲಿ ಅವರು ತಿನ್ನದ ಪದಾರ್ಥಗಳು. ನಾಲ್ಕನೆಯದರಲ್ಲಿ ‘ಇವರು ನನ್ನ ತಂದೆತಾಯಿ, ದಾರಿ ತಪ್ಪಿದರೆ ಈ ನಂಬರಿಗೆ ತಿಳಿಸಿ’ ಎಂದು. ಮಕ್ಕಳು ಒಮ್ಮೊಮ್ಮೆ ನಮಗಿಂತ ಚೆನ್ನಾಗಿ ಸಂಸಾರ ನಡೆಸುತ್ತಾರೆ.

ಆ ಊರಿನ ಹೆಸರು ಮಾಶಿಕೋ. ಟೋಕಿಯೋದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು. ದಾರಿಯಲ್ಲಿ ಉತ್ಸುನೊಮಿಯಾ ಎಂಬ ಪಟ್ಟಣದಲ್ಲಿ ಇಳಿದು ಬಸ್ಸು ಬದಲಿಸಬೇಕು. ಅಂದು ಭಾನುವಾರವಾದ್ದರಿಂದ ಅಲ್ಲಿಯ ಮಾತ್ಸುಗಮಿನೆ ಕಥೋಲಿಕ ದೇವಾಲಯದಲ್ಲಿ ಬಲಿಪೂಜೆಗೆ ಹೋದರಂತೆ. 1932ರಲ್ಲಿ ಕಟ್ಟಿದ ಈ ದೇವಾಲಯ ಆ ಸೀಮೆಯ ಓಯಾ ಎಂಬ ಕಲ್ಲಿನದು. ಮೆತ್ತಗಿನ, ಸಣ್ಣ ಸಣ್ಣ ತೂತುಗಳುಳ್ಳ ಕಲ್ಲು. ನಮ್ಮ ಕಡೆಯ ಕರಿಕಲ್ಲಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಶಾಂತಿ ಹಂಚಿಕೊಳ್ಳುವಾಗ ಸುತ್ತಲಿನವರೆಲ್ಲ ತಲೆಬಾಗಿ ನಮಸ್ಕರಿಸಿದರಂತೆ. ಇವರಿಬ್ಬರೂ ಎಲ್ಲರಿಗೂ ಬಾಗಿದರು. ಒಬ್ಬರಿಗೊಬ್ಬರು ಬಾಗಿದರೋ ಎಂದು ನಾನು ಕೇಳಲಿಲ್ಲ.

ಮಾಶಿಕೋ ಕುಂಬಾರರ ಊರು. 1853ರಲ್ಲಿ ಒಬ್ಬ ಕುಂಬಾರ ಅಲ್ಲಿ ಒಳ್ಳೆಯ ಮಣ್ಣು ಕಂಡು ಆವಿಗೆ ಹಾಕಿದಾಗಿನಿಂದ ಊರಿನ ಕಸುಬು ಅದೇ. ಒಳ್ಳೆಯ ಮಣ್ಣು ಎಂದೆ, ಆದರೆ ತೀರಾ ಒಳ್ಳೆಯದೇನೂ ಅಲ್ಲ. ಮರಳು ಮಿಶ್ರಿತ ಒರಟು ಮಣ್ಣು, ನಯವಾದ ತೆಳು ಪಾತ್ರೆಗೆ ಬಗ್ಗುವುದಿಲ್ಲ. ಆದ್ದರಿಂದ ಅಲ್ಲಿಯವರು ದಪ್ಪನೆಯ ನೀರಿನ ಗುಡಾಣ, ಉಪ್ಪಿನಕಾಯಿ ಜಾಡಿ, ಚಹಾದ ಕೂಜ ಇಂಥವನ್ನು ಮಾಡಿ ಟೋಕಿಯೋದ ಅಡಿಗೆಮನೆಗಳಿಗೆ ಕಳಿಸುತ್ತಿದ್ದರು. ರೈಲು ನಿಲ್ದಾಣಗಳಲ್ಲಿ ಚಹಾ ಮಾರುವ ಪುಟ್ಟ ಕೂಜಗಳೂ ಅಲ್ಲಿಂದ ಹೋಗುತ್ತಿದ್ದವು. ಅವುಗಳ ಮೇಲೆ ಬೆಟ್ಟ ಗುಡ್ಡಗಳ ಚಿತ್ರ ಬರೆಯುತ್ತಿದ್ದ ಮಿನಗಾವಾ ಮಾಸು ಎಂಬ ಹೆಂಗಸು, ಹತ್ತು ವರ್ಷದವಳಿದ್ದಾಗ ಆರಂಭಿಸಿ ಮುದುಕಿಯಾಗುವ ತನಕ ದಿನಕ್ಕೆ ನೂರಾರು ಕೂಜಗಳ ಮೇಲೆ ಅದೇ ಚಿತ್ರವನ್ನು ಬರೆದಳು. ಅಲ್ಯೂಮಿನಿಯಂ ಪಾತ್ರೆ ಬಂದಾಗ ಈ ವ್ಯಾಪಾರ ಕುಸಿಯಿತು. ಸ್ಟೀಲು, ಪ್ಲಾಸ್ಟಿಕ್ಕು ಬಂದಾಗ ನಮ್ಮ ಕುಂಬಾರಗೇರಿಗಳಿಗೆ ಆದದ್ದೂ ಅದೇ ಅಲ್ಲವೇ?

ಊರನ್ನು ಉಳಿಸಿದವರಲ್ಲಿ ಮುಖ್ಯರು ಹಮಾಡಾ ಶೋಜಿ. 1894ರಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬಲ್ಲಿ ಬರ್ನಾರ್ಡ್ ಲೀಚ್ ಎಂಬ ಕುಂಬಾರನ ಜೊತೆ ಮೂರು ವರ್ಷ ದುಡಿದು, 1924ರಲ್ಲಿ ಮಾಶಿಕೋಗೆ ಬಂದು ನೆಲೆಸಿದರು. ಅದೇ ವರ್ಷ ಕಜುಯೆ ಎಂಬ ಹೆಣ್ಣುಮಗಳೊಡನೆ ಮದುವೆಯಾಯಿತು. ಹೊಸ ದಂಪತಿ ಎಲ್ಲಿಗೆ ಹೋದರು ಗೊತ್ತೇ? ದೂರದ ಓಕಿನಾವಾ ದ್ವೀಪದಲ್ಲಿ ತ್ಸುಬೊಯಾ ಎಂಬ ಇನ್ನೊಂದು ಕುಂಬಾರಗೇರಿಗೆ! ಎರಡು ದಿನ ಇದ್ದು ಬಂದದ್ದಲ್ಲ. ಇಡೀ ಚಳಿಗಾಲ ಅಲ್ಲೇ ಬಿಡಾರ ಹೂಡಿ, ಅಲ್ಲಿಯ ಕುಂಬಾರರ ಜೊತೆ ಮಣ್ಣು ಮುಟ್ಟಿದರು. ಅಲ್ಲಿ ಗಾಳಿಗೆ ಬಾಗಿದ ಕಬ್ಬಿನ ಜಲ್ಲೆಯೊಂದು ಹಮಾಡಾ ಅವರ ಕಣ್ಣಿಗೆ ಬಿತ್ತು. ಅದನ್ನು ನಾಲ್ಕು ಗೆರೆಯಲ್ಲಿ ಬರೆದುಕೊಂಡರು. ಮುಂದೆ 1978ರಲ್ಲಿ ತೀರಿಕೊಳ್ಳುವವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ತಮ್ಮ ತಟ್ಟೆ ಹೂಜಿಗಳ ಮೇಲೆ ಅದೇ ಕಬ್ಬನ್ನು ಬರೆಯುತ್ತಲೇ ಇದ್ದರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಇದ್ದ ಊರಿನಲ್ಲಿ ಕಂಡ ಒಂದು ಕಬ್ಬು. ಅದನ್ನು ದಿನವೂ ಬರೆಯುವಾಗ ಅವರ ಮನಸ್ಸಿನಲ್ಲಿ ಏನು ಹಾದುಹೋಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಮ್ಮ ಮದುವೆಯ ಮೊದಲ ವರ್ಷದಲ್ಲಿ ನೀವಿಬ್ಬರೂ ನೋಡಿದ ಒಂದು ವಸ್ತುವನ್ನು ಈಗ ಕಣ್ಣು ಮುಚ್ಚಿ ನೆನಪಿಸಿಕೊಳ್ಳಬಲ್ಲಿರಾ?

ಅವರು ಬಳಸುತ್ತಿದ್ದುದೂ ಸುತ್ತಮುತ್ತ ಸಿಗುವುದನ್ನೇ. ಮಾಶಿಕೋದ ಒರಟು ಮಣ್ಣು, ಅಲ್ಲಿಯ ಕಲ್ಲನ್ನು ಪುಡಿಮಾಡಿ ಬಳಿದರೆ ಬರುವ ಕೆಂಗಂದು ಬಣ್ಣ, ಭತ್ತದ ಹೊಟ್ಟು ಸುಟ್ಟ ಬೂದಿಯಿಂದ ಬರುವ ಹಾಲಿನಂಥ ಬಿಳುಪು. ಉತ್ತಮ ಮಣ್ಣು ಬೇರೆಲ್ಲೋ ಇದೆಯೆಂದು ಅವರಿಗೆ ಗೊತ್ತಿತ್ತು. ಆದರೂ ಮನೆಯ ಹಿಂದಿನ ಮಣ್ಣಿನ ಗುಣ ತಿಳಿದುಕೊಳ್ಳುವುದಕ್ಕೇ ಆಯುಷ್ಯ ಮುಡಿಪಿಟ್ಟರು. ಪಕ್ಕದ ಮನೆಯ ಗಂಡ ಹೀಗೆ, ಸೀರಿಯಲ್ಲಿನ ಹೆಂಡತಿ ಹಾಗೆ ಎಂದು ಹೋಲಿಸುತ್ತಾ ಕೂರುವವರಿಗೆ ಇದನ್ನು ಹೇಳಬೇಕೆನ್ನಿಸುತ್ತದೆ. 1955ರಲ್ಲಿ ಜಪಾನ್ ಸರ್ಕಾರ ಅವರನ್ನು ಜೀವಂತ ರಾಷ್ಟ್ರೀಯ ನಿಧಿಯೆಂದು ಗೌರವಿಸಿತು. ಆದರೂ ತಮ್ಮ ಮಡಕೆಯ ಮೇಲೆ ಅವರು ಹೆಸರು ಕೆತ್ತುತ್ತಿರಲಿಲ್ಲ.

ನಮ್ಮ ದಂಪತಿ ಅಲ್ಲಿ ಮಾಡಿದ್ದೇನು? ಹೆಚ್ಚೇನೂ ಇಲ್ಲ. ಮಡಕೆ ಅಂಗಡಿಗಳ ಬೀದಿಯಲ್ಲಿ ನಿಧಾನವಾಗಿ ನಡೆದರು. ಆ ಊರಿನಲ್ಲಿ ವಸಂತಕಾಲಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ದೊಡ್ಡ ಮಡಕೆ ಜಾತ್ರೆ ಸೇರುತ್ತದೆ. ಇವರು ಹೋದಾಗ ಜಾತ್ರೆ ಮುಗಿದು ಬೀದಿ ಖಾಲಿಯಾಗಿತ್ತು. ಭಾಷೆ ಬಾರದ ಊರಿನಲ್ಲಿ ಮಾತನಾಡಲು ಇದ್ದವರು ಇಬ್ಬರೇ. ಚೀಟಿ ಯಾರ ಹತ್ತಿರ ಇದೆ, ಬಸ್ಸು ಇದೇನಾ, ಈ ಸಾರಿನಲ್ಲಿ ಏನು ಹಾಕಿದ್ದಾರೆ ಎಂದು ಕೇಳಿಕೊಳ್ಳಲೇಬೇಕಾಯಿತು. ಮಾತು ಬಂದದ್ದು ಪ್ರೀತಿಯಿಂದಲ್ಲ, ಗತ್ಯಂತರವಿಲ್ಲದೆ. ಅದೂ ಸಾಲದೇನು?

ಎರಡನೆಯ ದಿನ ಮಗ ಮೊದಲೇ ಹೇಳಿಟ್ಟಿದ್ದ ಒಂದು ಕುಂಬಾರಶಾಲೆಗೆ ಹೋದರು. ಅಲ್ಲಿ ಬಂದವರಿಗೆ ತಿಗರಿಯ ಮುಂದೆ ಕೂತು ಲೋಟ, ಬಟ್ಟಲು ಮಾಡಲು ಹೇಳಿಕೊಡುತ್ತಾರೆ. ಯಜಮಾನರದು ಮೂವತ್ತು ವರ್ಷ ಅಂಗಡಿ ಆಳಿದ ಕೈ. ಮಣ್ಣನ್ನು ಹಿಡಿದು ಒತ್ತಿದರು. ಅದು ಅಲ್ಲಾಡಿತು. ಇನ್ನೂ ಒತ್ತಿದರು. ಅರ್ಧ ಮುದ್ದೆ ಕಿತ್ತುಕೊಂಡು ಹಾರಿ ಗೋಡೆಗೆ ಬಡಿಯಿತು. ಪಕ್ಕದಲ್ಲಿ ಆಕೆಯ ಮಣ್ಣು ಆಗಲೇ ನಡುಮಧ್ಯಕ್ಕೆ ಬಂದು ಸದ್ದಿಲ್ಲದೆ ತಿರುಗುತ್ತಿತ್ತು. ಮೂವತ್ತು ವರ್ಷ ರಾಗಿಮುದ್ದೆ ಕಟ್ಟಿದ ಕೈಯಲ್ಲವೇ ಅದು! ಕೈ ಒದ್ದೆ ಮಾಡಿಕೊಳ್ಳಬೇಕು, ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಅದಕ್ಕೆ ಮೊದಲೇ ಗೊತ್ತು. ಹೇಳಿಕೊಡುತ್ತಿದ್ದ ಮುದುಕ ಆಕೆಯ ಕೈ ನೋಡಿ ತಲೆದೂಗಿದ. ಆಗ ಆಕೆ ಗಂಡನ ಕಡೆ ತಿರುಗಿ ಅಂದದ್ದು ಇಷ್ಟೇ: “ಒತ್ತಬೇಡಿ ರೀ. ಅದು ಬರೋವರೆಗೂ ಸುಮ್ಮನೆ ಹಿಡ್ಕೊಂಡಿರಿ.”

ನಾಲ್ಕು ವರ್ಷಗಳಲ್ಲಿ ಉಪ್ಪು, ಗ್ಯಾಸು, ಕರೆಂಟಿಗೆ ಸಂಬಂಧಿಸದ ಮೊದಲ ಮಾತು ಅದು ಎಂದು ಆತನೇ ನನಗೆ ಹೇಳಿದರು. ಹೇಳುವಾಗ ಅವರ ದನಿ ಸರಿಯಿರಲಿಲ್ಲ.

ಮಾಡಿದ ಲೋಟಗಳನ್ನು ಅಂದೇ ತರಲಾಗುವುದಿಲ್ಲ. ಇದು ಅನೇಕರಿಗೆ ಗೊತ್ತಿಲ್ಲದ ಸಂಗತಿ. ಹಸಿ ಮಡಕೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗಿಟ್ಟರೆ ಹೊರಭಾಗ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ತೇವ ಹಾಗೇ ಉಳಿಯುತ್ತದೆ, ನಡುವೆ ಬಿರುಕು ಬಿಡುತ್ತದೆ. ಸರಿಯಾಗಿ ಒಣಗದ್ದನ್ನು ಆವಿಗೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಮಡಕೆ ಸಿಡಿದೇಹೋಗುತ್ತದೆ. ಒಣಗಿ ಸುಟ್ಟು ಹೊರಬರುವಷ್ಟರಲ್ಲಿ ಮಡಕೆ ಶೇಕಡಾ 10ರಿಂದ 15ರಷ್ಟು ಚಿಕ್ಕದಾಗಿರುತ್ತದೆ. ಕುಂಬಾರನಿಗೆ ವರುಷ ಎಂದರೆ ಇದೇ. ತಿಗರಿಯ ಮೇಲಿನ ಕೆಲಸ ಕೆಲವೇ ನಿಮಿಷ, ಉಳಿದದ್ದೆಲ್ಲ ಕಾಯುವುದು. ಹಮಾಡಾ ಅವರು ಒಂದು ಸೌಟಿನಿಂದ ಬಣ್ಣವನ್ನು ಸುರಿದು ತಟ್ಟೆಯ ಅಲಂಕಾರವನ್ನು ಕ್ಷಣಮಾತ್ರದಲ್ಲಿ ಮುಗಿಸುತ್ತಿದ್ದರು. ಹದಿನೈದು ಸೆಕೆಂಡಿನ ಕೆಲಸಕ್ಕೆ ಇಷ್ಟು ಬೆಲೆಯೇ ಎಂದು ಯಾರೋ ಕೇಳಿದರಂತೆ. ಆ ಹದಿನೈದು ಸೆಕೆಂಡಿಗೆ ಅರುವತ್ತು ವರ್ಷವನ್ನೂ ಸೇರಿಸಿಕೊಳ್ಳಿ ಎಂಬರ್ಥದಲ್ಲಿ ಅವರು ಉತ್ತರಿಸಿದರಂತೆ.

ಇಲ್ಲಿ ನಮ್ಮ ಪವಿತ್ರ ಗ್ರಂಥದ ಕಡೆ ಒಂದು ಗಳಿಗೆ ತಿರುಗೋಣ. ಪ್ರವಾದಿ ಯೆರೆಮೀಯ ಕುಂಬಾರನ ಮನೆಗೆ ಇಳಿದುಹೋದ ಪ್ರಸಂಗ 18ನೆಯ ಅಧ್ಯಾಯದಲ್ಲಿದೆ. ಕುಂಬಾರನ ಕೈಯಲ್ಲಿ ಪಾತ್ರೆ ಕೆಟ್ಟುಹೋಗುತ್ತದೆ, ಅವನು ಅದೇ ಮಣ್ಣಿನಿಂದ ಇನ್ನೊಂದನ್ನು ಮಾಡುತ್ತಾನೆ. ಇದನ್ನು ನಾವು ಪ್ರಬೋಧನೆಗಳಲ್ಲಿ ಸಾಕಷ್ಟು ಬಳಸಿಕೊಂಡಿದ್ದೇವೆ. ಆದರೆ 19ನೆಯ ಅಧ್ಯಾಯವನ್ನು ಅಷ್ಟಾಗಿ ಓದುವುದಿಲ್ಲ. ಅಲ್ಲಿ ಅದೇ ಪ್ರವಾದಿ ಒಂದು ಮಡಕೆಯನ್ನು ಕೊಂಡುಕೊಂಡು ಹೋಗಿ ಜನರ ಕಣ್ಣೆದುರಿಗೆ ಒಡೆದುಹಾಕುತ್ತಾನೆ. ಅದನ್ನು ಮತ್ತೆ ಸರಿಮಾಡಲಾಗದು ಎಂಬುದೇ ಅಲ್ಲಿಯ ಸಂದೇಶ. ಒಂದೇ ಕುಂಬಾರಿಕೆ, ಎರಡು ಅಧ್ಯಾಯ, ಎರಡು ತೀರ್ಪು! ವ್ಯತ್ಯಾಸವೇನು? ಮೊದಲನೆಯದು ಹಸಿ ಮಣ್ಣು, ಎರಡನೆಯದು ಸುಟ್ಟದ್ದು. ವಿಜ್ಞಾನವೂ ಇದನ್ನೇ ಹೇಳುತ್ತದೆ. ಪೂರ್ತಿ ಒಣಗಿದ ಹಸಿ ಮಡಕೆಯನ್ನು ನೀರಿನಲ್ಲಿಟ್ಟರೆ ಕರಗಿ ಮತ್ತೆ ಕೆಸರಾಗುತ್ತದೆ. ಸುಮಾರು 600 ಡಿಗ್ರಿಯ ಬೆಂಕಿ ಕಂಡ ಮೇಲೆ ಮಣ್ಣಿನ ಒಳರಚನೆಯಲ್ಲೇ ಸೇರಿಕೊಂಡಿದ್ದ ನೀರು ಹೊರಟುಹೋಗುತ್ತದೆ. ಅನಂತರ ಎಷ್ಟು ನೆನೆಸಿದರೂ ಅದು ಮಣ್ಣಾಗುವುದಿಲ್ಲ.

ಹಾಗಾದರೆ ಒಂದು ಜಗಳ ಯಾವಾಗ ಹಸಿಯಾಗಿರುತ್ತದೆ, ಯಾವಾಗ ಸುಟ್ಟದ್ದಾಗುತ್ತದೆ? ಮೌನವಾಗಿ ನಾಲ್ಕು ವರ್ಷ ಕಳೆದರೆ ಎಲ್ಲಾ ಮುಗಿಯಿತು ಎಂದು ನಮಗೆ ಹೊರಗಿನಿಂದ ಅನ್ನಿಸುತ್ತದೆ. ನಾನೂ ಹಾಗೇ ತಿಳಿದಿದ್ದೆ, ಅದಕ್ಕೇ ಆ ಬೆಂಚಿನ ಕಡೆ ಹೋಗಿ ಮಾತನಾಡಿಸುವುದನ್ನು ಬಿಟ್ಟುಬಿಟ್ಟಿದ್ದೆ. ಅದು ನನ್ನ ತಪ್ಪು. ಅವರು ಒಣಗಿದ್ದರು, ಗಟ್ಟಿಯಾಗಿದ್ದರು, ಮುಟ್ಟಿದರೆ ಮುರಿಯುವಂತಿದ್ದರು. ಆದರೆ ಬೆಂಕಿಗೆ ಬಿದ್ದಿರಲಿಲ್ಲ. ಒಣಗಿದ್ದಕ್ಕೂ ಸುಟ್ಟದ್ದಕ್ಕೂ ಇರುವ ಅಂತರ ಕುಂಬಾರನಿಗೆ ಬೆರಳಿನಿಂದ ತಟ್ಟಿದರೆ ತಿಳಿಯುತ್ತದೆ. ಗುರುಗಳಾದ ನಮಗೂ, ಬಂಧುಗಳಾದ ನಿಮಗೂ ತಟ್ಟಿನೋಡುವಷ್ಟು ವ್ಯವಧಾನವಾದರೂ ಇರಬೇಕು.

ಒಡೆದ ಪಾತ್ರೆಯನ್ನು ಅರಗಿನಿಂದ ಅಂಟಿಸಿ, ಬಿರುಕಿಗೆ ಚಿನ್ನದ ಪುಡಿ ತುಂಬುವ ಜಪಾನೀ ಕಲೆಯೊಂದಿದೆ. ಅದನ್ನು ಕುರಿತು ನಾನೇ ಒಂದು ಧ್ಯಾನಕೂಟದಲ್ಲಿ ಅರ್ಧ ಗಂಟೆ ಮಾತನಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇವರಿಬ್ಬರ ಕಥೆ ಕೇಳಿದ ಮೇಲೆ ಆ ಉದಾಹರಣೆ ನನಗೆ ಸ್ವಲ್ಪ ಸುಲಭದ್ದಾಗಿ ಕಾಣುತ್ತಿದೆ. ಇವರ ಬಿರುಕಿನಲ್ಲಿ ಚಿನ್ನವೇನೂ ಇಲ್ಲ.

ಆ ರಾತ್ರಿ ಕೋಣೆಯಲ್ಲಿ, ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಕೂತು ಆತ ಅಂದರು: “ಗುಬ್ಬಿ ತೋಟದ ವಿಷಯ. ನಿನ್ನ ಕೇಳಬೇಕಿತ್ತು.” ಆಕೆ ಅಂದರು: “ಹೌದು, ಕೇಳಬೇಕಿತ್ತು.” ಬೇರೆ ಮಾತಿಲ್ಲ. “ಕ್ಷಮಿಸಿದೆ ಅಂತ ನಾನು ಹೇಳಲಿಲ್ಲ ಫಾದರ್,” ಎಂದರು ಆಕೆ ನನ್ನೊಡನೆ. “ಬಾಯಿಗೆ ಬರಲಿಲ್ಲ. ಆದರೆ ಅವತ್ತು ನಿದ್ದೆ ಬಂತು.”

ಮರುದಿನ ಬೆಳಿಗ್ಗೆ ಹಮಾಡಾ ಅವರ ಹಳೆಯ ಮನೆಯನ್ನು ನೋಡಿದರು. ಹುಲ್ಲು ಹೊದಿಸಿದ ಹಳೆಯ ರೈತರ ಮನೆಗಳನ್ನು ಬೇರೆಡೆಯಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. 1977ರಿಂದ ಅದು ವಸ್ತುಸಂಗ್ರಹಾಲಯ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದೊಡ್ಡ ಆವಿಗೆ ಇದೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಆ ಊರಿನ ಆವಿಗೆಗಳು ಕುಸಿದು, ಲೆಕ್ಕವಿಲ್ಲದಷ್ಟು ಮಡಕೆಗಳು ಒಡೆದವು. ಈ ಆವಿಗೆಯೂ ಜಖಂ ಆಯಿತು. ಜನ ಸೇರಿ ಅದನ್ನು ದುರಸ್ತಿ ಮಾಡಿ 2015ರಲ್ಲಿ ಮತ್ತೆ ಉರಿ ಹಾಕಿದರು.

“ಸಂಸಾರ ಕಟ್ಟಿಕೊಳ್ಳದ ಫಾದರಿಗೆ ಇದೆಲ್ಲ ಏನು ಗೊತ್ತು?” ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಮುಖಕ್ಕೇ ಕೇಳಿದವರಿದ್ದಾರೆ. ನಿಜ, ಒಪ್ಪುತ್ತೇನೆ. ಆದರೆ ಮದುವೆ ಮುರಿದ ಮೇಲೆ ಕಾಗದಪತ್ರ ಹಿಡಿದು ನೀವು ಬರುವುದು ನಮ್ಮ ಬಾಗಿಲಿಗೇ. ಅಲ್ಲಿ ನಾನು ಕಂಡುಕೊಂಡದ್ದೇನೆಂದರೆ, ದೊಡ್ಡ ಪಾಪಗಳಿಂದ ಮುರಿದವಕ್ಕಿಂತ ಪುರುಸೊತ್ತಿಲ್ಲದೆ ಮುರಿದ ಮದುವೆಗಳು ಹೆಚ್ಚು. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬವನ್ನು ಕುರಿತು ಬರೆದ ‘ಅಮೋರಿಸ್ ಲೆತೀಸಿಯ’ ಪತ್ರದಲ್ಲಿ ದಂಪತಿಗಳ ಪ್ರೀತಿಗೆ ಬಿಡುವಿನ ಸಮಯವೇ ಆಹಾರವೆಂಬ ಅರ್ಥದಲ್ಲಿ ತಿಳಿಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗುವುದೆಂದರೆ ಆಸ್ಪತ್ರೆಗೆ, ಇಲ್ಲವೇ ಸಾವಿನ ಮನೆಗೆ. ವೇಲಾಂಕಣಿಗೆ ಹೋದರೂ ವ್ಯಾನಿನ ತುಂಬ ಜನ.

ಇದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ. ನಮ್ಮ ಗೂಳೂರಿಗೆ ಹೋಗಿ. ಅಲ್ಲಿಯ ಹಿಂದೂ ಬಾಂಧವರು ಗಣೇಶ ಚೌತಿಯಂದು ಕೆರೆಯ ಮಣ್ಣು ತಂದು ದೊಡ್ಡ ಗಣಪತಿಯನ್ನು ಮಾಡಲು ತೊಡಗಿದರೆ, ಅದು ಮುಗಿಯುವುದು ದೀಪಾವಳಿಯ ಬಲಿಪಾಡ್ಯಮಿಗೆ. ಊರಿನ ಎಲ್ಲ ಜಾತಿಯವರೂ ಅದರಲ್ಲಿ ಕೈಜೋಡಿಸುತ್ತಾರೆ. ಎರಡು ತಿಂಗಳು ಮಣ್ಣಿನೊಡನೆ ತಾಳ್ಮೆಯಿಂದಿರುವವರು ನಮ್ಮ ನೆರೆಯಲ್ಲೇ ಇದ್ದಾರೆ. ಕುಣಿಗಲ್ ಕೆರೆ ಏರಿಯ ಮೇಲೆ ಒಂದು ಸಂಜೆ ನಡೆಯಿರಿ, ಅಥವಾ ಶಿಂಷಾ ನದಿಯ ಮಾರ್ಕೋನಹಳ್ಳಿ ಅಣೆಕಟ್ಟಿಗೆ ಬುತ್ತಿ ಕಟ್ಟಿಕೊಂಡು ಹೋಗಿ. ಮಣ್ಣನ್ನೇ ಮುಟ್ಟಬೇಕೆಂದರೆ ಬೆಂಗಳೂರಿನ ಪಾಟರಿ ಟೌನಿನಲ್ಲಿ ಕುಂಬಾರರ ಮನೆಗಳಿವೆ. ಇನ್ನೂ ದೂರ ಹೋಗಬಲ್ಲವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆ ಕಲಿಸಲೆಂದೇ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯಿದೆ. ಎಲ್ಲಿಗೆ ಹೋದರೂ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಿ. ಒಂದೇ ಊರು ಸಾಕು, ಮೂರು ಬೇಡ. ಫೋನು ಒಂದೇ ಇರಲಿ, ಅದೂ ಚೀಲದಲ್ಲಿ. ಹೋದ ಕೂಡಲೇ ಹಳೆಯ ಲೆಕ್ಕ ತೆಗೆಯಬೇಡಿ. ಕೈಗೊಂದು ಕೆಲಸ ಕೊಟ್ಟು ಅಕ್ಕಪಕ್ಕ ಕೂತಿರಿ, ಮಾತು ತಾನಾಗಿ ಬರುವುದಿದ್ದರೆ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ, ಇನ್ನೊಮ್ಮೆ ಹೋಗಿ.

ಆ ತೋಟ ಮರಳಿ ಬಂದಿಲ್ಲ. ಕೊಂಡವರು ಅಲ್ಲಿ ಕಾಂಪೌಂಡು ಹಾಕಿದ್ದಾರೆ. ಆಕೆ ಗುಬ್ಬಿಗೆ ಬಸ್ಸಿನಲ್ಲಿ ಹೋಗುವಾಗ ಆ ಜಾಗ ಬಂದರೆ ಈಗಲೂ ಬೇರೆ ಕಡೆ ನೋಡುತ್ತಾರೆ. ಈಚೆಗೆ ಮನೆಯ ಯಾವ ಕಾಗದವಿದ್ದರೂ ಆತ ಅದನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿಗೆ ಕೊಡುತ್ತಾರಂತೆ. ಗ್ಯಾಸಿನ ರಸೀದಿಯನ್ನೂ ಓದುತ್ತಾರೆ ಎಂದು ಆಕೆ ನಗುತ್ತಾ ದೂರಿದರು.

ಲೋಟಗಳು ಆವಿಗೆಯಿಂದ ಬರಲು ಎರಡು ತಿಂಗಳಾಯಿತು. ಮಗ ರಜೆಗೆ ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಮಾಡಿದಾಗ ಇದ್ದುದಕ್ಕಿಂತ ಚಿಕ್ಕವಾಗಿದ್ದವು, ನಮ್ಮ ಕಾಫಿ ಲೋಟದಷ್ಟೇ. ಆಕೆಯದು ನೆಟ್ಟಗೆ ನಿಲ್ಲುತ್ತದೆ. ಆತನದು ಒಂದು ಕಡೆಗೆ ವಾಲಿಕೊಂಡಿದೆ, ಪೂರ್ತಿ ತುಂಬಿದರೆ ಚೆಲ್ಲುತ್ತದೆ. ಆದ್ದರಿಂದ ಬೆಳಿಗ್ಗೆ ಐದೂವರೆಗೆ ಕಾಫಿ ಹಾಕುವಾಗ ಆಕೆ ಅದಕ್ಕೆ ಮುಕ್ಕಾಲು ಮಾತ್ರ ಸುರಿದು, ಉಳಿದದ್ದನ್ನು ಆತ ಕುಡಿದು ಮುಗಿಸುವ ತನಕ ಒಲೆಯ ಪಕ್ಕ ಬಿಸಿಯಾಗಿ ಇಟ್ಟಿರುತ್ತಾರೆ.